ಒಪ್ಪಿಗೆ ಯಾರದು?

ನಮ್ಮ ಕಲಬುರಗಿಯ ನೆಹರು ಗಂಜಿನಲ್ಲಿ ಧಾರಣೆ ಎಷ್ಟೇ ನಿಗದಿಯಾಗಲಿ, ತೊಗರಿ ತಂದ ರೈತನು ಒಪ್ಪದ ಹೊರತು ಅವನ ಚೀಲ ತಕ್ಕಡಿ ಏರುವಂತಿಲ್ಲ. ಗಂಜಿನ ಸಮೀಪದ ನನ್ನ ಮನೆಯಲ್ಲಿ ಕುಳಿತು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಈಚೆಗೆ ಮತ್ತೊಮ್ಮೆ ಓದುವಾಗ ಈ ಕಟ್ಟಳೆ ನೆನಪಾಯಿತು. ಒಂದು ಚೀಲ ತೊಗರಿಗೆ ಕೇಳುವ ಒಪ್ಪಿಗೆಯನ್ನು ನಾದಿರಾಳ ಬಾಳಿಗೆ ಯಾರೂ ಕೇಳಲಿಲ್ಲ.

೧೯೮೦ರ ದಶಕದ ಮೊದಲಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿಯ ಕಥೆ ಸರಳವಾದುದು. ತಂದೆಯ ಹಠದಿಂದ ನಾದಿರಾಳಿಗೂ ಅವಳ ಪತಿ ರಶೀದನಿಗೂ ತಲಾಖ್ ಆಗುತ್ತದೆ. ಮತ್ತೆ ಅವರು ಕೂಡಬೇಕಾದರೆ ಅವಳು ಇನ್ನೊಬ್ಬನಿಗೆ ಒಂದು ರಾತ್ರಿಯ ಹೆಂಡತಿಯಾಗಬೇಕು. ಅದನ್ನು ತಾಳಲಾರದೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣ ನೀಗುತ್ತಾಳೆ.

ಇದು ಕಥೆಯಷ್ಟೇ ಎನ್ನುವ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಹೆಂಗಸರ ವಿರುದ್ಧದ ಭೇದಭಾವವನ್ನು ತೊಡೆಯುವ ಒಪ್ಪಂದವನ್ನು ವಿಶ್ವಸಂಸ್ಥೆ ೧೯೭೯ರಲ್ಲಿ ಅಂಗೀಕರಿಸಿತು. ಹಿಂಸೆಯೂ ಭೇದಭಾವವೇ ಎಂದು ಅದರ ಸಮಿತಿ ೧೯೯೨ರಲ್ಲಿ ಸ್ಪಷ್ಟಪಡಿಸಿತು. ಭಾರತ ೧೯೯೩ರಲ್ಲಿ ಒಪ್ಪಂದವನ್ನು ಸ್ಥಿರೀಕರಿಸಿತಾದರೂ, ಯಾವುದೇ ಸಮುದಾಯದ ಖಾಸಗಿ ವ್ಯವಹಾರದಲ್ಲಿ, ಆ ಸಮುದಾಯವೇ ಮುಂದಾಗಿ ಸಮ್ಮತಿಸದ ಹೊರತು, ತಾನು ಕೈಹಾಕುವುದಿಲ್ಲವೆಂಬ ಘೋಷಣೆಯನ್ನೂ ಜೊತೆಗಿಟ್ಟಿತು. ಸಮುದಾಯವೆಂದರೆ ಯಾರು? ನಾದಿರಾಳ ತಂದೆಯೊಬ್ಬನೇ? ಅಂಜಿ ಬಾಳಿದ ತಾಯಿ ಫಾತಿಮಾ ಸಮುದಾಯವಲ್ಲವೆ? ಘೋಷಣೆ ಬರುವುದಕ್ಕೆ ಎಷ್ಟೋ ಮೊದಲೇ ಕಾಸರಗೋಡಿನಲ್ಲಿ ಹುಟ್ಟಿದ ಈ ಲೇಖಕಿ, ಸಮುದಾಯದ ಒಳಗಿನಿಂದಲೇ ಮುಂದಾಗಿ ಮಾತನಾಡಿದ್ದರು. ಅದನ್ನು ಕೇಳುವವರು ಬೇಕಾಗಿತ್ತು.

ಒಪ್ಪಂದ ನಿಷ್ಫಲವಾಯಿತೆನ್ನಲಾಗದು. ೧೯೯೭ರ ವಿಶಾಖಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಆಧರಿಸಿ, ದುಡಿಯುವ ಸ್ಥಳದ ಲೈಂಗಿಕ ಕಿರುಕುಳಕ್ಕೆ ನಿಯಮಗಳನ್ನು ವಿಧಿಸಿತು. ಕಚೇರಿಯ ಬಾಗಿಲು ಹೀಗೆ ತೆರೆಯಿತು. ಮನೆಯ ಬಾಗಿಲು ತಡವಾಗಿ, ಅರ್ಧವಷ್ಟೇ ತೆರೆಯಿತು. ೨೦೦೫ರಲ್ಲಿ ಕೌಟುಂಬಿಕ ಹಿಂಸೆಯ ಕಾಯಿದೆ ಬಂದಿತು. ಒಂದೇ ಉಸಿರಿನ ಮೂರು ತಲಾಖನ್ನು ೨೦೧೭ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ೨೦೧೯ರ ಕಾಯಿದೆ ಅದನ್ನು ಅಪರಾಧವೆಂದಿತು. ಆದರೆ ನಾದಿರಾಳನ್ನು ಕೊಳಕ್ಕೆ ನೂಕಿದ ಒಂದು ರಾತ್ರಿಯ ಮದುವೆಯ ಮಾತು ಆ ಕಾಯಿದೆಯಲ್ಲಿಲ್ಲ.

ಇದನ್ನು ಒಂದು ಮತದ ದೋಷವೆಂದು ಉಳಿದವರು ನೆಮ್ಮದಿಪಡಬೇಕಾಗಿಲ್ಲ. ೨೦೨೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಪತಿಯೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ. ಆದರೂ ೨೦೨೪ರಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆ, ಹದಿನೆಂಟು ತುಂಬಿದ ಹೆಂಡತಿಯ ವಿಷಯದಲ್ಲಿ ಗಂಡನಿಗಿದ್ದ ಹಳೆಯ ವಿನಾಯಿತಿಯನ್ನು ಹಾಗೆಯೇ ಉಳಿಸಿತು. ಅದು ಎಲ್ಲ ಮತದ ಗಂಡಂದಿರಿಗೂ ಸಲ್ಲುವಂಥದು.

ಕಾದಂಬರಿಯಲ್ಲಿ ಕುಂದುಗಳಿಲ್ಲದಿಲ್ಲ. ಅಲ್ಲಲ್ಲಿ ಪಾತ್ರಗಳನ್ನು ಹಿಂದೆ ಸರಿಸಿ ಲೇಖಕಿಯೇ ವಾದಕ್ಕೆ ನಿಲ್ಲುತ್ತಾರೆ. ತರಗತಿಯಲ್ಲಿ ನಾನು ಬಹುಕಾಲ ಇದನ್ನೇ ದೊಡ್ಡ ದೋಷವೆಂದು ಹೇಳುತ್ತ ಬಂದೆ. ಈಗ ಆ ಮಾತನ್ನು ತಿದ್ದಿಕೊಳ್ಳುತ್ತೇನೆ. ಕೇಳಬೇಕಾದವರು ಕೇಳದಿದ್ದಾಗ ಕಥೆ ಹೇಳುವವರ ದನಿ ಏರುವುದು ಸಹಜ. ೨೦೨೩ರಲ್ಲಿ ಸಾರಾ ಅವರು ತೀರಿಕೊಂಡರು. ಅವರ ಪ್ರಶ್ನೆ ಉಳಿದಿದೆ. ಅದಕ್ಕೆ ಉತ್ತರ ಹೇಳಬೇಕಾದವರಲ್ಲಿ ಸರ್ಕಾರದೊಡನೆ ಓದುಗರಾದ ನಾವೂ ಇದ್ದೇವೆ.