ಸಿಂಪ್ಯೂಟರಿನ ಸೊಗಸು

ಮುಂಗೈ ತುಸು ವಾಲಿಸಿದರೆ ಸಾಕು, ಪರದೆಯ ಮೇಲಿನ ಪುಟ ಮಗುಚಬೇಕು. ಅಂಗೈಯಲ್ಲಿ ಹಿಡಿಯುವ ಯಂತ್ರದಿಂದ ನಾನು ಬಯಸುವ ಸುಖಗಳಲ್ಲಿ ಇದು ಮೊದಲನೆಯದು. 2004ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರ್‌ನಲ್ಲಿ ಈ ಸುಖ ಇತ್ತು. ಕೈಯ ಅಲುಗಾಟವನ್ನು ಗುರುತಿಸುವ ಪುಟ್ಟ ಸಂವೇದಕ ಅದರ ಹೊಟ್ಟೆಯಲ್ಲಿತ್ತು. ಐಫೋನ್ ಬರಲು ಆಗ ಇನ್ನೂ ಮೂರು ವರ್ಷ ಬಾಕಿ. ಸಿಂಪ್ಯೂಟರನ್ನು ಕಟ್ಟಿದವರು ನಮ್ಮ ಬೆಂಗಳೂರಿನವರು ಎಂದು ಹೇಳುವಾಗ ಇಂದಿಗೂ ನನ್ನ ದನಿ ಏರುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರ ಜೊತೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ವಿನ್ಯಾಸ ಹೊರಬಿತ್ತು. ಲಿನಕ್ಸ್ ಮೇಲೆ ಓಡುವ ಅಂಗೈ ಗಣಕ. 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ಉದ್ದಕ್ಕೆ 320, ಅಗಲಕ್ಕೆ 240 ಚುಕ್ಕೆಗಳ, ಕಡ್ಡಿಯಿಂದ ಮುಟ್ಟಿ ಬರೆಯುವ ಪರದೆ. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾದ ಕಪ್ಪು ಬಿಳುಪು ಮಾದರಿಯ ಬೆಲೆ ಹತ್ತು ಸಾವಿರ ರೂಪಾಯಿಯೊಳಗೇ ಇತ್ತು. ಮಾರಾಟವಾದದ್ದು ಕೆಲವೇ ಸಾವಿರ. ಏಕೆ ಸೋತಿತು ಎಂಬ ಚರ್ಚೆ ಬೇಕಾದಷ್ಟು ಆಗಿದೆ. ನನಗೆ ಅದರ ಗುಣಗಳ ಮೇಲೆ ಪ್ರೀತಿ, ಅವನ್ನೇ ಸವಿಯುತ್ತ ಕೂರುವ ಆಸೆ.

ಎಲ್ಲಕ್ಕಿಂತ ಚೆಲುವಾದದ್ದು ಸ್ಮಾರ್ಟ್ ಕಾರ್ಡಿನ ಯೋಚನೆ. ಬಡವರ ಊರಿನಲ್ಲಿ ಪ್ರತಿಯೊಬ್ಬರೂ ಒಂದೊಂದು ಯಂತ್ರ ಕೊಳ್ಳಲಾರರು. ಆದ್ದರಿಂದ ಯಂತ್ರ ಹತ್ತು ಜನರದ್ದು, ಕಾರ್ಡ್ ಮಾತ್ರ ಅವರವರದ್ದು. ಕಾರ್ಡ್ ತೂರಿಸಿದ ಗಳಿಗೆಯಿಂದ ಆ ಯಂತ್ರ ನಿಮ್ಮದು. ಹೊರತೆಗೆದರೆ ನಿಮ್ಮ ಲೆಕ್ಕ, ನಿಮ್ಮ ಗುಟ್ಟು ನಿಮ್ಮ ಜೇಬಿಗೆ. ಇಳಕಲ್ಲಿನ ಮಗ್ಗದ ಮನೆಯೊಂದರಲ್ಲಿ ಇದನ್ನು ಇಟ್ಟು ನೋಡಿ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಯಜಮಾನನಿಗೆ ಬೇಕಾದದ್ದು ಸಾಹುಕಾರರ ಆರ್ಡರು, ನೂಲಿನ ಬಾಕಿ. ಪಕ್ಕದಲ್ಲಿ ಕಂಡಿಕೆ ಸುತ್ತುವ ಮನೆಯಾಕೆಗೆ ಬೇಕಾದದ್ದು ಸ್ವಸಹಾಯ ಸಂಘದ ಕಂತಿನ ಲೆಕ್ಕ, ತವರಿನ ಸುದ್ದಿ. ಮಗಳಿಗೆ ಶಾಲೆಯ ಪಾಠ. ಇವತ್ತೂ ಎಷ್ಟೋ ಮನೆಗಳಲ್ಲಿ ಒಂದೇ ಫೋನು ಮೂವರ ಕೈ ಸುತ್ತುತ್ತದೆ, ಆದರೆ ಫೋನು ಗುರುತಿಸುವುದು ಒಬ್ಬರನ್ನೇ. ತಾಯಿಗೆ ಬಂದ ಸಂದೇಶವನ್ನು ಮೊದಲು ಮಗ ಓದುತ್ತಾನೆ. ಆಕೆಗೆ ಆಕೆಯದೇ ಒಂದು ಕಾರ್ಡ್ ಇದ್ದಿದ್ದರೆ! ಹಂಚಿಕೊಳ್ಳುವುದನ್ನು ಕೊರತೆ ಎಂದು ಬಗೆಯದೆ, ಅದಕ್ಕೊಂದು ಘನತೆ ಕೊಟ್ಟ ಯಂತ್ರ ನನಗೆ ತಿಳಿದಂತೆ ಅದೊಂದೇ.

ಬರವಣಿಗೆಯ ವಿಷಯಕ್ಕೂ ಅಷ್ಟೇ ಮನಸೋತಿದ್ದೇನೆ. ಪರದೆಯ ಮೇಲೆ ಕಡ್ಡಿಯಿಂದ ನಿಮ್ಮ ಕೈಬರಹದಲ್ಲೇ ಗೀಚಿ, ಗೀಚಿದ್ದನ್ನು ಹಾಗೆಯೇ ಮಿಂಚಂಚೆಯಲ್ಲಿ ಕಳಿಸಬಹುದಿತ್ತು. ಕನ್ನಡಕ್ಕೆ ಇದು ದೊಡ್ಡ ಉಪಕಾರ. ಒತ್ತಕ್ಷರಕ್ಕೆ ಯಾವ ಕೀಲಿ, ದೀರ್ಘಕ್ಕೆ ಯಾವ ಕೀಲಿ ಎಂದು ತಡಕಾಡುವ ಗೋಜಿಲ್ಲ. ಪಾಟಿಯ ಮೇಲೆ ಕಲಿತ ಕೈ ಇಲ್ಲೂ ನಡೆಯುತ್ತದೆ. ಅಪ್ಪನ ವಕ್ರ ಅಕ್ಷರ ಅಪ್ಪನದೇ ಆಗಿ ಮಗಳ ಊರು ತಲುಪುತ್ತದೆ.

ಓದಲು ಬಾರದವರನ್ನೂ ಮರೆತಿರಲಿಲ್ಲ. ಬರಹವನ್ನು ದನಿಯಾಗಿಸುವ ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಇದಕ್ಕಾಗಿ ರೂಪಿಸಿದರು. ಕನ್ನಡ ಅದರ ಮೊದಲ ಭಾಷೆಗಳಲ್ಲೊಂದು. ದನಿ ಒರಟು, ಯಂತ್ರದ್ದೇ ದನಿ, ನಿಜ. ಆದರೂ ಗಣಕ ಕನ್ನಡದಲ್ಲಿ ಮಾತಾಡಬೇಕು ಎಂದು ಆಗಲೇ ಹಟ ಹಿಡಿದವರಿದ್ದರಲ್ಲ!

ಇಷ್ಟೆಲ್ಲ ಇದ್ದ ಅದರೊಳಗೆ ಫೋನ್ ಇರಲಿಲ್ಲ. ನನ್ನ ಕನಸಿನ ಯಂತ್ರ ಶುರುವಾಗುವುದು ಇಲ್ಲಿಂದ. ಗಣಕಕ್ಕೂ ಫೋನಿಗೂ ಗಂಟು ಹಾಕುವ ಯತ್ನ ಬೇರೆಡೆ ನಡೆದೇ ಇತ್ತು. 1996ರ ನೋಕಿಯಾ 9000 ಕಮ್ಯುನಿಕೇಟರ್ ಮುಚ್ಚಿದಾಗ ಫೋನು, ತೆರೆದಾಗ ಪೂರ್ಣ ಕೀಲಿಮಣೆಯ ಗಣಕ. ತೂಕ 397 ಗ್ರಾಂ. ಭವ್ಯವಾದ ವಸ್ತು, ಆದರೆ ಎರಡು ಯಂತ್ರಗಳಿಗೆ ಒಂದು ತಿರುಗಣಿ ಹಾಕಿದಂತೆ ಕಾಣುತ್ತಿತ್ತು. ಕೂಡಿಸುವುದು ಹೇಗೆ ಎಂಬುದನ್ನು ಇಳಕಲ್ ಸೀರೆಯಿಂದ ಕಲಿಯಬೇಕು. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡರ ಎಳೆಗಳನ್ನೂ ಕುಣಿಕೆ ಮಾಡಿ, ಒಂದರೊಳಗೊಂದು ಸಿಕ್ಕಿಸಿ, ಹೊಕ್ಕಿನ ನೂಲಿನಿಂದ ಬಿಗಿದು ನೇಯುತ್ತಾರೆ. ಹೊಲಿಗೆ ಇಲ್ಲ. ಒಡಲು ಒಡಲಾಗಿಯೇ, ಸೆರಗು ಸೆರಗಾಗಿಯೇ ಉಳಿದೂ ಬಟ್ಟೆ ಒಂದೇ.

ಇಂದಿನ ಫೋನಿನಲ್ಲಿ ಗಣಕವಿದೆ, ಅಂದಿನ ಯಂತ್ರಗಳಿಗಿಂತ ಎಷ್ಟೋ ಪಟ್ಟು ಚುರುಕಾದದ್ದು. ಆದರೆ ಅದು ಹೆಚ್ಚಾಗಿ ನೋಡಿಸುವ ಯಂತ್ರವಾಗಿದೆ, ಮಾಡಿಸುವ ಯಂತ್ರವಾಗಿ ಉಳಿದಿಲ್ಲ. ನಾನು ಬಯಸುವುದು ಲೆಕ್ಕದ ಪುಸ್ತಕ ಬರೆಯಬಲ್ಲ, ಬರೆಯುತ್ತಿರುವಾಗಲೇ ಕರೆ ಬಂದರೆ ಅದೇ ಪುಟದ ಮೇಲೆ ಮಾತಾಡಿ, ಹೇಳಿದ ದರವನ್ನು ಅಲ್ಲೇ ಗೀಚಿಕೊಳ್ಳಬಲ್ಲ ವಸ್ತು. ಬಾದಾಮಿಯ ಚೈತ್ರದ ಬಿಸಿಲಿನಲ್ಲಿ, ಕೆಂಪು ಬಂಡೆಗಳ ಕೆಳಗೆ ನಿಂತಾಗಲೂ ಅಕ್ಷರ ಕಾಣಬೇಕು. ಬಣ್ಣ ಕಡಿಮೆಯಾದರೂ ಚಿಂತೆಯಿಲ್ಲ, ಹೊರಗಿನ ಬೆಳಕನ್ನೇ ಬಳಸಿಕೊಳ್ಳುವ ಪರದೆ ಬೇಕು. ಬ್ಯಾಟರಿಯನ್ನು ಉಗುರಿನಿಂದ ಬಿಚ್ಚಿ ಬದಲಿಸುವಂತಿರಬೇಕು. ಸಿಂಪ್ಯೂಟರಿನ ವಿನ್ಯಾಸವನ್ನು ಅದರ ಒಡೆಯರು ಮುಕ್ತ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟಿದ್ದರು. ಆ ಔದಾರ್ಯವೂ ಇದಕ್ಕೆ ಬೇಕು; ಬಾಗಲಕೋಟೆಯ ಪೇಟೆಯಲ್ಲಿ ಫೋನು ರಿಪೇರಿ ಮಾಡುವ ಹುಡುಗ ನಕ್ಷೆ ನೋಡಿ, ಕೆಟ್ಟ ಭಾಗವೊಂದನ್ನೇ ಬದಲಿಸಿ ಕೊಡುವಂತಾಗಬೇಕು.

ಜಮೀನಿನ ದಾಖಲೆಗಳನ್ನು ಗಣಕಕ್ಕೇರಿಸುವ ಭೂಮಿ ಯೋಜನೆಯ ಕೆಲಸಕ್ಕೆ ಕರ್ನಾಟಕ ಸರ್ಕಾರ ಸಿಂಪ್ಯೂಟರ್ ಬಳಸಿತ್ತು. ಆ ದಾಖಲೆಗಳಲ್ಲೊಂದಾದ ಪಹಣಿಗೆ ಹುನಗುಂದದ ರೈತ ಉತಾರ ಅನ್ನುತ್ತಾನೆ. ನನ್ನ ಯಂತ್ರ ಈ ಸೀಮೆಯ ಇಂಥ ಮಾತುಗಳನ್ನೆಲ್ಲ ಬಲ್ಲದ್ದಾಗಿರಬೇಕು. ಅಜ್ಜಿ ಅದರ ಮುಂದೆ ಕೂತು, “ತಮ್ಮಾ, ಗೋಮಿ ದಡೀದು ಎರಡ ಸೀರಿ, ಗಾಡಿ ದಡೀದು ಒಂದ, ಒಡಲ ಕೆಂಪ ಇರ್ಲಿ, ಬರ್ಕೊ” ಅಂದರೆ, ಅದು ಮೂರು ಸಾಲು ಬರೆದುಕೊಂಡು, “ಬರಕೊಂಡೇನ್ರಿ ಅಜ್ಜಿ, ಗಾಡಿ ದಡೀದಕ್ಕೂ ಕೆಂಪ ಒಡಲೇ ಏನ್ರಿ?” ಎಂದು ಕೇಳಬೇಕು.