ಸುಳ್ಳು ಹೇಳದ ಅಚ್ಚು

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಹೊಲದ ತಕರಾರು ಎದ್ದರೆ ಉತಾರದ ಜೊತೆಗೆ ಹಳೆಯ ಖರೀದಿ ಪತ್ರ, ವಾಟ್ನಿ ಪತ್ರಗಳೂ ಹೊರಬರುತ್ತವೆ. ಟೈಪಾದ ಆ ಹಾಳೆ ಅಸಲಿಯೋ ನಕಲಿಯೋ ಎಂಬುದಕ್ಕೆ ಅದನ್ನು ಬಡಿದ ಟೈಪ್‌ರೈಟರೇ ಸಾಕ್ಷಿಯಾಗಬಲ್ಲದು. ಆ ಯಂತ್ರದ ಮೇಲೆ ನನಗೆ ಗೌರವ ಹುಟ್ಟಿದ್ದೇ ಈ ಗುಣದಿಂದ.

ಹೊಸದಿದ್ದಾಗ ಒಂದೇ ಮಾದರಿಯ ಯಂತ್ರಗಳು ಹೆಚ್ಚುಕಡಿಮೆ ಒಂದೇ ರೀತಿ ಬರೆಯುತ್ತವೆ. ಬಳಸುತ್ತ ಹೋದಂತೆ ಒಂದರ ಅಚ್ಚು ಸವೆಯುತ್ತದೆ, ಇನ್ನೊಂದರ ಕಡ್ಡಿ ಬಾಗಿ ಅಕ್ಷರ ಸಾಲಿನಿಂದ ಕೂದಲೆಳೆಯಷ್ಟು ಮೇಲೇರುತ್ತದೆ. ಕನ್ನಡದಲ್ಲಂತೂ ಗುಣಿತದ ಚಿಹ್ನೆ, ಒತ್ತು ಬೇರೆ ಬೇರೆ ಬಡಿತದಲ್ಲಿ ಕೂಡಬೇಕು. ಅವು ಎಲ್ಲಿ ಕೂತವು ಎಂಬುದೇ ಒಂದು ಗುರುತು.

ಪರಿಣತರು ಶಂಕಿತ ಯಂತ್ರದಲ್ಲಿ ತಕರಾರಿನ ಪತ್ರದ ಮಾತುಗಳನ್ನೇ ಟೈಪ್ ಮಾಡಿಸಿ, ಸೂಕ್ಷ್ಮದರ್ಶಕದಡಿ ಎರಡನ್ನೂ ಹೋಲಿಸುತ್ತಾರೆ. ಅದೇ ಯಂತ್ರದ ತಾರೀಖುಳ್ಳ ಹಳೆಯ ಕಾಗದಗಳು ಸಿಕ್ಕರೆ ಸವೆತದ ಹಂತ ನೋಡಿ ಕಾಲವನ್ನೂ ಅಂದಾಜಿಸುತ್ತಾರೆ. ಹಿಂದಿನ ತಾರೀಖು ಹಾಕಿದ ಕಳ್ಳಪತ್ರ ಸಿಕ್ಕಿಬೀಳುವುದು ಇಲ್ಲಿಯೇ.

ಇಂಥ ಪರಿಣತರ ಅಭಿಪ್ರಾಯ ಸಾಕ್ಷ್ಯವಾಗದು ಎಂದು ಸುಪ್ರೀಂ ಕೋರ್ಟ್ 1952ರಲ್ಲಿ ಹೇಳಿತ್ತು. 1996ರಲ್ಲಿ ಅದೇ ನ್ಯಾಯಾಲಯ ಆ ನಿಲುವನ್ನು ತಿದ್ದಿ, ಆಗಿನ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಡಿ ಅದನ್ನು ಒಪ್ಪಿತು. ಆದ್ದರಿಂದ ಹಳೆಯ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಬಾರದು. ಹೋಲಿಸಲು ಯಂತ್ರ ಉಳಿದಿದ್ದರೆ ಬಡ ರೈತನ ನಿಜಕ್ಕೂ ಬಲ ಬರುತ್ತದೆ.