ಸಿಂಹರಾಜದ ಹಾಡುಹಕ್ಕಿಗಳು

ಶ್ರೀಲಂಕಾದ ಸಿಂಹರಾಜ ಮಳೆಕಾಡು 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಡುಹಗಲಲ್ಲೂ ಮಬ್ಬು ಕವಿಯುವ ಈ ಕಾಡಿನಲ್ಲಿ ಹಕ್ಕಿ ಮೊದಲು ಸಿಗುವುದು ಕಿವಿಗೆ.

ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗದ್ದಲ ಕೇಳಿದ್ದೇ ತಡ, ಸ್ಥಳೀಯ ಮಾರ್ಗದರ್ಶಿ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸುತ್ತಾರೆ. ಹಲವು ಜಾತಿಗಳ ಬೆರಕೆ ಹಿಂಡು ಬರುತ್ತಿದೆ! ಜೊತೆಗಿರುವ ಜುಟ್ಟಿನ ಕಾಜಾಣವಂತೂ ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುತ್ತದೆ. ಆ ಅಣಕದ ನಡುವೆ ಅಸಲಿ ದನಿಯನ್ನು ಹೆಕ್ಕುವ ಕಿವಿಯನ್ನು ಎಷ್ಟು ಮೆಚ್ಚಿದರೂ ಸಾಲದು.

ಛಾಯಾಗ್ರಾಹಕರ ಕಸುಬೂ ಅಷ್ಟೇ ಸೊಗಸು. ಐಎಸ್‌ಒ 3200ಕ್ಕೇರಿಸಿ, ಉದ್ದ ಲೆನ್ಸನ್ನು ಒಂಟಿಗಾಲಿನ ಸ್ಟ್ಯಾಂಡಿಗೆ ಆನಿಸಿ, ಹಕ್ಕಿ ಮುಂದೆ ಕೂರಲಿರುವ ಕೊಂಬೆಗೆ ಫೋಕಸ್ ಹಿಡಿಯುತ್ತಾರೆ. ಲಂಕಾದ ನೀಲಿ ಮ್ಯಾಗ್‌ಪೈ ಕಣ್ಣಿನ ಸುತ್ತಲ ಕೆಂಪು ಉಂಗುರ ನಿಚ್ಚಳವಾಗಿ ಮೂಡಿದರೆ ಶ್ರಮ ಸಾರ್ಥಕ.

ಹೋಗುವವರು ಜಿಗಣೆಗೆ ಕಾಲುಚೀಲ ತೊಟ್ಟು, ಬೆಳಗ್ಗೆಯೇ ಹೊರಡಿ. ಮೊಬೈಲಿನಲ್ಲಿ ಹಕ್ಕಿಕೂಗು ನುಡಿಸಬೇಡಿ.